ಗೇಮ್ ನಡುವೆ ಕಂಪ್ಯೂಟರ್ ಬಿಸಿಯೇರಿದರೆ: ಕರಾವಳಿಯ ಸೆಕೆಯಲ್ಲಿ ಕೂಲರ್ ಕೊಳ್ಳುವ ಮುನ್ನ

ಆಟ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ಚಿತ್ರ ತಡವರಿಸುತ್ತದೆ, ಫ್ಯಾನ್‌ಗಳು ಅಬ್ಬರಿಸುತ್ತವೆ, ಕೆಲವೊಮ್ಮೆ ಪರದೆ ಕಪ್ಪಾಗಿ ಯಂತ್ರವೇ ನಿಂತುಬಿಡುತ್ತದೆ. ಮಂಗಳೂರು, ಉಡುಪಿ ಕಡೆ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಈ ದೂರು ಕೇಳದ ವಾರವಿಲ್ಲ. ಬಹುಪಾಲು ಜನ ಆಗ ನೇರವಾಗಿ, ಮುಖ್ಯ ಚಿಪ್‌ನ ಬಿಸಿಯನ್ನು ದ್ರವದ ಮೂಲಕ ಹೊರಹಾಕುವ ದೊಡ್ಡ ಲಿಕ್ವಿಡ್ ಕೂಲರ್ ಕೊಳ್ಳಲು ಹೊರಡುತ್ತಾರೆ. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಬಿಸಿ ಹಾಗೆಯೇ ಉಳಿದಿರುತ್ತದೆ, ಏಕೆಂದರೆ ತೊಂದರೆ ಕೂಲರ್‌ನಲ್ಲಿ ಇರಲೇ ಇಲ್ಲ. ಯಾವ ಕೂಲರ್ ಬೇಕು ಎನ್ನುವುದು ಕೊನೆಯ ಪ್ರಶ್ನೆ. ಬಿಸಿ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎನ್ನುವುದು ಮೊದಲ ಪ್ರಶ್ನೆ. ಅದನ್ನು ಮನೆಯಲ್ಲೇ, ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಉಚಿತ ತಂತ್ರಾಂಶದ ನೆರವಿನಿಂದ ಪತ್ತೆಹಚ್ಚಬಹುದು.

ಕೋಣೆಯ ಉಷ್ಣತೆಯನ್ನು ಕಳೆಯಿರಿ

ಗೋಡೆಗೆ ತೂಗುಹಾಕುವ ಸಾಮಾನ್ಯ ತಾಪಮಾಪಕವೊಂದನ್ನು ಕೇಸ್‌ನ (ಯಂತ್ರದ ಹೊರಪೆಟ್ಟಿಗೆಯ) ಮುಂಭಾಗದಲ್ಲಿ, ಗಾಳಿ ಒಳಹೋಗುವ ಜಾಗದ ಹತ್ತಿರ ಇಡಿ. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶವನ್ನು ತೆರೆದು ಸಿಪಿಯು (ಮುಖ್ಯ ಚಿಪ್) ತಾಪ, ಜಿಪಿಯು (ಗ್ರಾಫಿಕ್ಸ್ ಚಿಪ್) ತಾಪ, ಎರಡೂ ಬಳಸುತ್ತಿರುವ ವ್ಯಾಟ್, ಫ್ಯಾನ್‌ಗಳ ವೇಗ ಇಷ್ಟು ಕಾಣುವಂತೆ ಇಟ್ಟುಕೊಳ್ಳಿ. ಸದಾ ಆಡುವ ಆಟವನ್ನೇ ಅರ್ಧ ಗಂಟೆ ಆಡಿ, ಅಂಕಿಗಳನ್ನು ಬರೆದುಕೊಳ್ಳಿ. ಅರ್ಧ ಗಂಟೆ ಅನ್ನುವುದಕ್ಕೆ ಕಾರಣವಿದೆ. ಲಿಕ್ವಿಡ್ ಕೂಲರ್‌ನೊಳಗಿನ ದ್ರವ ನಿಧಾನವಾಗಿ ಕಾಯುತ್ತದೆ, ಐದು ನಿಮಿಷದ ಪರೀಕ್ಷೆಯಲ್ಲಿ ಅದರ ನಿಜಬಣ್ಣ ಗೊತ್ತಾಗುವುದಿಲ್ಲ.

ಈಗ ಸಿಪಿಯು ತಾಪದಿಂದ ಕೋಣೆಯ ತಾಪವನ್ನು ಕಳೆಯಿರಿ. ಈ ವ್ಯತ್ಯಾಸವೇ ನಿಮ್ಮ ಕೂಲರ್‌ನ ನಿಜವಾದ ಅಂಕಪಟ್ಟಿ. ಗಾಳಿಯದಾಗಲಿ ದ್ರವದ್ದಾಗಲಿ, ಯಾವ ಸಾಮಾನ್ಯ ಕೂಲರ್ ಕೂಡ ಸಿಪಿಯುವನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆ ಒಂದು ಡಿಗ್ರಿ ಏರಿದರೆ ಸಿಪಿಯು ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಕೂಲರ್‌ಗಳ ಪರೀಕ್ಷಾ ವರದಿಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಕೋಣೆಯಲ್ಲಿ ತಯಾರಾಗಿರುತ್ತವೆ. ನಮ್ಮಲ್ಲಿ ಏಪ್ರಿಲ್ ರಾತ್ರಿ ಹತ್ತು ಗಂಟೆಗೆ, ಹಗಲಿಡೀ ಕಾದ ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆ 33 ಡಿಗ್ರಿ ಇರುವುದು ಮಾಮೂಲು. ವರದಿಯಲ್ಲಿ 70 ಎಂದು ಕಂಡದ್ದು ನಿಮ್ಮ ಮನೆಯಲ್ಲಿ 80 ಆದರೆ ಅದು ದೋಷವಲ್ಲ. ಹಂಚಿನ ಮನೆಯ ಕೆಳಕೋಣೆಯಲ್ಲಿ ಅದೇ ಯಂತ್ರ ನಾಲ್ಕೈದು ಡಿಗ್ರಿ ತಂಪಾಗಿ ಓಡಬಹುದು.

ಆಟ ಆಡುವಾಗ ವ್ಯತ್ಯಾಸ 35ರಿಂದ 45 ಡಿಗ್ರಿಯೊಳಗೆ ಇದ್ದರೆ ನಾನು ಕೂಲರ್‌ಗೆ ಕೈಹಚ್ಚುವುದಿಲ್ಲ. 55 ದಾಟಿದರೆ ಎಲ್ಲೋ ಏನೋ ಸರಿಯಿಲ್ಲ ಎಂದು ಹುಡುಕಲು ಕೂರುತ್ತೇನೆ.

ಮಿತಿ ಎಲ್ಲಿದೆ ಎನ್ನುವುದೂ ತಿಳಿದಿರಬೇಕು. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಡೆಸ್ಕ್‌ಟಾಪ್ ಸಿಪಿಯುಗಳು 100 ಡಿಗ್ರಿಯಲ್ಲಿ ತಾವಾಗಿ ವೇಗ ತಗ್ಗಿಸಿಕೊಳ್ಳುತ್ತವೆ. ಎಎಂಡಿಯ ರೈಜನ್ 7000 ಸರಣಿಯ ಬಹುತೇಕ ಮಾದರಿಗಳ ಮಿತಿ 95 ಡಿಗ್ರಿ, ರೈಜನ್ 7 7800ಎಕ್ಸ್3ಡಿಯದ್ದು 89. ರೈಜನ್ 7000ದ ಹೆಚ್ಚು ವ್ಯಾಟ್‌ನ ಮಾದರಿಗಳು ಎಲ್ಲ ಕೋರ್‌ಗಳಿಗೂ (ಸಿಪಿಯುವಿನೊಳಗಿನ ಕೆಲಸದ ಘಟಕಗಳಿಗೂ) ಕೆಲಸ ಬಿದ್ದಾಗ ಬೇಕೆಂದೇ 95ರವರೆಗೆ ಹೋಗಿ ಅಲ್ಲಿ ನಿಲ್ಲುತ್ತವೆ, ಅವುಗಳ ವಿನ್ಯಾಸವೇ ಹಾಗೆ. ಎಲ್ಲ ಕೋರ್‌ಗಳನ್ನೂ ದುಡಿಸುವ ಪರೀಕ್ಷಾ ತಂತ್ರಾಂಶ ಸಿನೆಬೆಂಚ್ ಓಡಿಸಿ 95 ಕಂಡು ಗಾಬರಿಯಾದವರು ಆಟದಲ್ಲಿ ಎಷ್ಟು ಕಾಣುತ್ತದೆ ಎಂದು ನೋಡಬೇಕು. ಹೆಚ್ಚಿನ ಆಟಗಳು ಸಿಪಿಯುವಿನ ಎಲ್ಲ ಕೋರ್‌ಗಳನ್ನು ಅಷ್ಟು ದುಡಿಸುವುದಿಲ್ಲ.

ತಾಪ ಏರುವ ವೇಗವನ್ನು ಗಮನಿಸಿ

ಇಡೀ ಪತ್ತೆಯ ಮರ್ಮ ಇರುವುದು ಇಲ್ಲಿ. ಗರಿಷ್ಠ ತಾಪ ಎಷ್ಟು ಎನ್ನುವುದಕ್ಕಿಂತ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದು ಹೆಚ್ಚು ಹೇಳುತ್ತದೆ. ಸಿಪಿಯುವಿನ ಬಿಸಿ ಮೊದಲು ಅದಕ್ಕೂ ಕೂಲರ್‌ಗೂ ನಡುವೆ ಹಚ್ಚಿದ ಪೇಸ್ಟ್ ದಾಟಿ ಕೂಲರ್‌ನ ತಳಕ್ಕೆ, ಅಲ್ಲಿಂದ ತಾಮ್ರದ ಕೊಳವೆ ಅಥವಾ ದ್ರವದ ಮೂಲಕ ತೆಳು ಲೋಹದ ರೆಕ್ಕೆಗಳಿಗೆ, ರೆಕ್ಕೆಗಳಿಂದ ಕೇಸ್‌ನೊಳಗಿನ ಗಾಳಿಗೆ, ಕೇಸ್‌ನಿಂದ ಕೋಣೆಗೆ ಹೋಗಬೇಕು. ಹತ್ತಿರದ ತಡೆ ತಕ್ಷಣ ಕಾಣಿಸುತ್ತದೆ, ದೂರದ ತಡೆ ತಡವಾಗಿ ಕಾಣಿಸುತ್ತದೆ.

ಕೆಲಸ ಶುರುವಾದ ಒಂದೆರಡು ಸೆಕೆಂಡಿನಲ್ಲೇ ತಾಪ 40ರಿಂದ 95ಕ್ಕೆ ಹಾರಿ, ಕೆಲಸ ನಿಲ್ಲಿಸಿದೊಡನೆ ಅಷ್ಟೇ ಬೇಗ ಇಳಿದರೆ, ಸಿಪಿಯು ಮತ್ತು ಕೂಲರ್ ತಳದ ನಡುವೆ ಸಂಪರ್ಕ ಸರಿಯಿಲ್ಲ. ಹೊಸದಾಗಿ ಜೋಡಿಸಿದ ಯಂತ್ರವಾದರೆ ಕೂಲರ್ ತಳದ ಪಾರದರ್ಶಕ ಹಾಳೆಯನ್ನು ತೆಗೆಯದೆ ಕೂರಿಸಿರಬಹುದು. ಕೇಳಲು ಸಣ್ಣ ವಿಷಯ, ಆದರೆ ಪದೇ ಪದೇ ಎದುರಾಗುತ್ತದೆ. ಇಂಟೆಲ್ ಪೆಟ್ಟಿಗೆಯ ಜೊತೆ ಬರುವ ಕೂಲರ್ ಆದರೆ ಒತ್ತಿ ಕೂರಿಸುವ ನಾಲ್ಕು ಪಿನ್‌ಗಳಲ್ಲಿ ಒಂದು ಎದ್ದಿದೆಯೇ ನೋಡಿ, ಬೆಂಗಳೂರಿನಿಂದ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿದು ಬಂದ ಕಂಪ್ಯೂಟರ್‌ಗಳಲ್ಲಿ ಇದು ಸಾಮಾನ್ಯ. ಹಳೆಯ ಯಂತ್ರವಾದರೆ ಪೇಸ್ಟ್ ಒಣಗಿರುತ್ತದೆ. ಕೂಲರ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡೂ ಮುಖ ಒರೆಸಿ, ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸ್ಯಾನಿಟೈಸರ್, ಸೀಮೆಎಣ್ಣೆ, ಪೆಟ್ರೋಲ್ ಯಾವುದೂ ಬೇಡ.

ಇಲ್ಲಿ ಎಎಂ4 ಸಾಕೆಟ್‌ನ (ಸಾಕೆಟ್ ಎಂದರೆ ಮದರ್‌ಬೋರ್ಡ್ ಮೇಲೆ ಸಿಪಿಯು ಕೂರುವ ಜಾಗ) ರೈಜನ್ ಇರುವವರು ಒಂದು ನಿಮಿಷ ನಿಲ್ಲಬೇಕು. ಆ ಸಿಪಿಯುಗಳ ಅಡಿಯಲ್ಲಿ ಪಿನ್‌ಗಳಿವೆ, ಒಣಗಿದ ಪೇಸ್ಟ್ ಸಿಪಿಯುವನ್ನು ಕೂಲರ್‌ಗೆ ಅಂಟಿಸಿಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದರೆ ಸಿಪಿಯು ಸಾಕೆಟ್‌ನಿಂದ ಕಿತ್ತುಬಂದು ಪಿನ್‌ಗಳು ಬಾಗುತ್ತವೆ. ಮೊದಲು ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ವಿದ್ಯುತ್ ತಂತಿ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ನವಿರಾಗಿ ತಿರುಗಿಸುತ್ತಾ ಬಿಡಿಸಿ. ಎಎಂ5 ಮತ್ತು ಇಂಟೆಲ್ ಸಾಕೆಟ್‌ಗಳಲ್ಲಿ ಲೋಹದ ಚೌಕಟ್ಟು ಸಿಪಿಯುವನ್ನು ಹಿಡಿದಿರುವುದರಿಂದ ಈ ಭಯ ಇಲ್ಲ.

ತಾಪ ಹಾರದೆ, ಒಂದೆರಡು ನಿಮಿಷದಲ್ಲಿ ಬಿಡದೆ ಏರಿ ಮಿತಿ ಮುಟ್ಟಿದರೆ, ಏನೂ ಕೆಲಸವಿಲ್ಲದಾಗಲೂ ಕೆಳಗಿಳಿಯಲು ಒಪ್ಪದಿದ್ದರೆ, ಬಿಸಿ ಕೂಲರ್‌ವರೆಗೆ ಬಂದು ಅಲ್ಲೇ ಉಳಿದಿದೆ. ಗಾಳಿಯ ಕೂಲರ್‌ನಲ್ಲಿ ಫ್ಯಾನ್ ತಿರುಗುತ್ತಿಲ್ಲ ಅಥವಾ ರೆಕ್ಕೆಗಳ ನಡುವೆ ಧೂಳು ಕಟ್ಟಿದೆ. ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ನಿಂತಿದೆ. ಪಂಪ್‌ನ ಪರೀಕ್ಷೆ ಸುಲಭ: ದ್ರವ ತಣಿಯುವ ಭಾಗವಾದ ರೇಡಿಯೇಟರ್ ಮುಟ್ಟಿ ನೋಡಿ. ಸಿಪಿಯು 95 ಡಿಗ್ರಿ ತೋರಿಸುತ್ತಿರುವಾಗ ರೇಡಿಯೇಟರ್ ತಣ್ಣಗಿದ್ದರೆ ದ್ರವ ಹರಿಯುತ್ತಿಲ್ಲ. ಆದರೆ ಪಂಪ್ ಸತ್ತಿದೆ ಎಂದು ತೀರ್ಮಾನಿಸುವ ಮುನ್ನ ಅದರ ತಂತಿ ಮದರ್‌ಬೋರ್ಡ್‌ನ ಯಾವ ಕನೆಕ್ಟರ್‌ನಲ್ಲಿದೆ ನೋಡಿ. ತಾಪಕ್ಕೆ ತಕ್ಕಂತೆ ವೇಗ ಇಳಿಸುವ ಫ್ಯಾನ್ ಕನೆಕ್ಟರ್‌ಗೆ ಸಿಕ್ಕಿಸಿದ್ದರೆ ಪಂಪ್ ಅರೆಬರೆ ವೇಗದಲ್ಲಿ ತಿರುಗುತ್ತಿರುತ್ತದೆ. ಪಂಪ್‌ಗೆಂದೇ ಇರುವ ಕನೆಕ್ಟರ್‌ಗೆ ಹಾಕಿ, ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳ ಪರದೆಯಲ್ಲಿ) ಸದಾ ಪೂರ್ಣ ವೇಗಕ್ಕೆ ಇಡಿ. ಪಂಪ್‌ನಿಂದ ಗುಳುಗುಳು ಸದ್ದು ಬರುತ್ತಿದ್ದರೆ ಗಾಳಿಗುಳ್ಳೆ ಅಲ್ಲಿ ಸೇರಿದೆ. ದ್ರವದ ಹಾದಿಯಲ್ಲಿ ಪಂಪ್ ಅತಿ ಎತ್ತರದ ಜಾಗವಾಗಿರಕೂಡದು, ರೇಡಿಯೇಟರ್‌ನ ಮೇಲಿನ ತುದಿ ಅದಕ್ಕಿಂತ ಮೇಲಿರಬೇಕು. ಗುಳ್ಳೆಗಳು ಆಗ ಅಲ್ಲಿಗೆ ಹೋಗಿ ಸೇರುತ್ತವೆ.

ಮೂರನೆಯ ಬಗೆ ನಿಧಾನದ್ದು. ಮೊದಲ ಐದು ನಿಮಿಷ ಎಲ್ಲ ಚೆನ್ನಾಗಿದ್ದು, ಇಪ್ಪತ್ತು ನಿಮಿಷದ ಹೊತ್ತಿಗೆ ಸಿಪಿಯು, ಜಿಪಿಯು, ಎಸ್‌ಎಸ್‌ಡಿ ಎಲ್ಲವೂ ಒಟ್ಟಿಗೆ ಮೇಲೇರಿದರೆ, ಅದು ಕೇಸ್ ಅಥವಾ ಕೋಣೆಯ ತೊಂದರೆ. ನಮ್ಮ ಊರುಗಳಲ್ಲಿ ನಾನು ಕಂಡ ಯಂತ್ರಗಳ ಪೈಕಿ ಹೆಚ್ಚಿನವು ಈ ಗುಂಪಿನವೇ. ದುಬಾರಿ ಕೂಲರ್ ಕೊಂಡು ನಿರಾಶರಾಗುವವರೂ ಇವರೇ, ಏಕೆಂದರೆ ಎಂಥ ಕೂಲರ್ ತಂದರೂ ಅದು ಉಸಿರಾಡುವುದು ಅದೇ ಬಿಸಿ ಗಾಳಿಯನ್ನು.

ಪಕ್ಕದ ಬಾಗಿಲು ತೆಗೆದು ನೋಡುವುದು

ಕೇಸ್‌ನ ಪಕ್ಕದ ಗಾಜು ಅಥವಾ ತಗಡನ್ನು ತೆಗೆದಿಟ್ಟು ಅದೇ ಆಟವನ್ನು ಅಷ್ಟೇ ಹೊತ್ತು ಆಡಿ. ತಾಪ ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕೇಸ್‌ನ ಗಾಳಿಯೋಟ ಸಾಲದು. ಏನೂ ಇಳಿಯದಿದ್ದರೆ ಕೇಸ್ ನಿರಪರಾಧಿ. ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಪರೀಕ್ಷೆ ನನಗೆ ಗೊತ್ತಿಲ್ಲ. ಬಾಗಿಲು ತೆಗೆದೇ ಇಟ್ಟು ಟೇಬಲ್ ಫ್ಯಾನ್ ಹಚ್ಚುವ ಪದ್ಧತಿ ಕೆಲವು ಮನೆಗಳಲ್ಲಿದೆ. ಪರೀಕ್ಷೆಗೆ ಸರಿ, ಕಾಯಂ ವ್ಯವಸ್ಥೆಯಾಗಿ ಬೇಡ: ಸಮುದ್ರದ ಹತ್ತಿರ ಅದು ಧೂಳು, ಉಪ್ಪಿನ ತೇವ, ಇರುವೆ, ಹಲ್ಲಿ ಎಲ್ಲವನ್ನೂ ಬೋರ್ಡ್ ಮೇಲೆ ಕರೆದುಕೊಂಡಂತೆ.

ಫ್ಯಾನ್‌ಗಳ ದಿಕ್ಕನ್ನು ಒಂದೊಂದಾಗಿ ನೋಡಿ. ಫ್ಯಾನ್‌ನ ಯಾವ ಬದಿಯಲ್ಲಿ ಪ್ಲಾಸ್ಟಿಕ್ ಕಡ್ಡಿಗಳ ಆಧಾರ ಕಾಣುತ್ತದೋ ಆ ಬದಿಯಿಂದ ಗಾಳಿ ಹೊರಬೀಳುತ್ತದೆ. ಮುಂಭಾಗದ್ದು ಒಳಗೆ, ಹಿಂಭಾಗದ್ದು ಮತ್ತು ಮೇಲಿನದ್ದು ಹೊರಗೆ. ಚಂದಕ್ಕೆಂದು ಬಣ್ಣದ ದೀಪದ ಮುಖ ಹೊರಗೆ ಕಾಣುವಂತೆ ತಿರುಗಿಸಿ ಕೂರಿಸಿದ ಫ್ಯಾನ್ ಗಾಳಿಯನ್ನು ಉಲ್ಟಾ ನೂಕುತ್ತಿರಬಹುದು. ಮುಂಭಾಗ ಪೂರ್ತಿ ಗಾಜಿನ ಕೇಸ್ ಆದರೆ ಫ್ಯಾನ್ ಎಷ್ಟಿದ್ದರೂ ಗಾಳಿ ಬರಲು ದಾರಿ ಬೇಕಲ್ಲ. ಕರಾವಳಿಗೆ ಜಾಲರಿ ಮುಖದ ಕೇಸ್ ಮಾತ್ರ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ. ಒಳಹೋಗುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಧೂಳು ಸಂದುಗೊಂದುಗಳಿಂದ ನುಸುಳದೆ ಫಿಲ್ಟರ್ ಮೂಲಕವೇ ಬರುತ್ತದೆ.

ಕೇಸ್ ಎಲ್ಲಿದೆ ಎನ್ನುವುದನ್ನು ಮರೆಯಬೇಡಿ. ಕಂಪ್ಯೂಟರ್ ಮೇಜಿನ ಕೆಳಗಿನ ಬಾಗಿಲಿರುವ ಗೂಡಿನಲ್ಲಿ ಇಟ್ಟ ಯಂತ್ರ ತಾನು ಬಿಟ್ಟ ಬಿಸಿಯನ್ನೇ ತಿರುಗಿ ಎಳೆಯುತ್ತದೆ. ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ಮಂಚಕ್ಕೂ ಗೋಡೆಗೂ ನಡುವೆ ತುರುಕಿಟ್ಟ ಕೇಸ್‌ಗಳ ಕಥೆಯೂ ಇದೇ. ಹಿಂದೆ ಒಂದು ಗೇಣು ಜಾಗ ಬಿಟ್ಟು ನೋಡಿ. ಆರ್‌ಟಿಎಕ್ಸ್ 4070 ಕಾರ್ಡ್ ಒಂದೇ 200 ವ್ಯಾಟ್ ಬಳಸುತ್ತದೆ. ಸಿಪಿಯು, ಮಾನಿಟರ್ ಸೇರಿ 350 ವ್ಯಾಟ್ ಆಯಿತು ಎಂದಿಟ್ಟುಕೊಳ್ಳಿ, ಅಷ್ಟೂ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ಸೊಳ್ಳೆ ಬರುತ್ತದೆಂದು ಸಂಜೆಯೇ ಕಿಟಕಿ ಮುಚ್ಚಿ ಮೂರು ಗಂಟೆ ಆಡಿದರೆ ಕೋಣೆ ಏರದೆ ಇರಲು ಸಾಧ್ಯವಿಲ್ಲ. ಕಿಟಕಿಗೆ ಸೊಳ್ಳೆಪರದೆ, ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್, ಈ ಜೋಡಿ ಎಷ್ಟೋ ಕೂಲರ್‌ಗಳಿಗಿಂತ ಮೇಲು.

ಹುಬ್ಬಳ್ಳಿ, ಕಲಬುರಗಿಯಲ್ಲಿ ನೀರು ಹಾಕಿ ಬಳಸುವ ಏರ್ ಕೂಲರ್ ಕೋಣೆಯನ್ನು ನಿಜಕ್ಕೂ ತಂಪು ಮಾಡುತ್ತದೆ, ಅಲ್ಲಿನ ಬೇಸಿಗೆ ಒಣದು. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಅದು ತಂಪನ್ನೂ ಕೊಡದು, ಕೋಣೆಗೆ ಇನ್ನಷ್ಟು ತೇವವನ್ನೂ ತುಂಬುತ್ತದೆ. ಕಂಪ್ಯೂಟರ್ ಇರುವ ಕೋಣೆಗೆ ಅದನ್ನು ತರಲೇಬೇಡಿ.

ಉಪ್ಪು, ಧೂಳು, ತೇವ

ಮುರಕಲ್ಲಿನ ಕೆಂಪು ಧೂಳು, ಅಗರಬತ್ತಿಯ ಹೊಗೆ, ಒಗ್ಗರಣೆಯ ಎಣ್ಣೆಪಸೆ, ಇವುಗಳ ಮೇಲೆ ಮಳೆಗಾಲದ ತೇವ ಕೂತರೆ ರೆಕ್ಕೆಗಳ ನಡುವೆ ಕಂಬಳಿಯಂಥ ಪದರ ಹೆಣೆದುಕೊಳ್ಳುತ್ತದೆ. ಒಣ ಊರುಗಳಂತೆ ಬ್ಲೋವರ್ ಹಿಡಿದು ಊದಿದರೆ ಅದು ಹೋಗುವುದಿಲ್ಲ. ಫ್ಯಾನ್ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ಕೆದಕಿ, ನಂತರ ಊದಬೇಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಲಿಕ್ವಿಡ್ ಕೂಲರ್‌ನಲ್ಲಿ ಈ ಪದರ ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಅಡಗಿರುವುದರಿಂದ ಹೊರಗಿನಿಂದ ಕಾಣಿಸುವುದೇ ಇಲ್ಲ, ಸ್ಕ್ರೂ ಬಿಚ್ಚಿಯೇ ನೋಡಬೇಕು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಂಚೆ ಒಮ್ಮೆ, ನವರಾತ್ರಿ ಕಳೆದ ಮೇಲೆ ಇನ್ನೊಮ್ಮೆ ಸ್ವಚ್ಛ ಮಾಡುವುದು ನಮ್ಮ ಹವಾಮಾನಕ್ಕೆ ಹೊಂದುತ್ತದೆ. ಮೊದಲನೆಯದರಿಂದ ಧೂಳು ಮಳೆಯ ತೇವ ಹೀರುವುದು ತಪ್ಪುತ್ತದೆ. ಎರಡನೆಯದರಲ್ಲಿ ಮಳೆಗಾಲ ಏನು ಬಿಟ್ಟುಹೋಗಿದೆ ಎಂದು ತಿಳಿಯುತ್ತದೆ.

ಮಲ್ಪೆ, ಪಣಂಬೂರು, ಉಳ್ಳಾಲದಲ್ಲಿ ಕಡಲಿಗೆ ತಾಗಿಕೊಂಡಂತೆ ಮನೆಯಿರುವವರು ಸ್ಕ್ರೂಗಳ ತಲೆ ನೋಡಿ. ತುಕ್ಕು ಕಂಡರೆ ಒಳಗಿನ ಕನೆಕ್ಟರ್‌ಗಳೂ ಮಾಸಿರುತ್ತವೆ. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಫ್ಯಾನ್ ಒಮ್ಮೆ ತಿರುಗಿ ಒಮ್ಮೆ ನಿಂತರೆ, ಬೂಟ್ ಆಗುವಾಗ ಸಿಪಿಯು ಫ್ಯಾನ್ ದೋಷ ಎಂದು ಸಂದೇಶ ಬಂದರೆ, ಫ್ಯಾನ್ ಬದಲಿಸುವ ಮುಂಚೆ ಯಂತ್ರ ಆರಿಸಿ ಅದರ ತಂತಿಯನ್ನು ನಾಲ್ಕೈದು ಬಾರಿ ಬಿಡಿಸಿ ಸಿಕ್ಕಿಸಿ. ಮಾಸಿದ ಸಂಪರ್ಕ ಅಷ್ಟಕ್ಕೇ ಸರಿಯಾಗುವುದುಂಟು. ಹೊಸ ಕೂಲರ್ ಆರಿಸುವಾಗಲೂ ನಿಕ್ಕಲ್ ಲೇಪನವಿರುವ ತಳ ಮತ್ತು ಕೊಳವೆ, ಕಪ್ಪು ಲೇಪನದ ರೆಕ್ಕೆ ಇರುವುದನ್ನು ಹುಡುಕಿ. ಬರಿಯ ತಾಮ್ರ ಇಲ್ಲಿ ಬೇಗ ಕಪ್ಪಾಗುತ್ತದೆ.

ಎಸಿ ಇರುವ ಮನೆಗಳಲ್ಲಿ ಇನ್ನೊಂದು ಅಪಾಯ. ಜೋರು ಮಳೆಯ ಆಟಿ ತಿಂಗಳಲ್ಲಿ ಎಸಿ ಕಾರಿನಿಂದ ಇಳಿದೊಡನೆ ಕನ್ನಡಕ ಮಂಜಾಗುವುದನ್ನು ಎಲ್ಲರೂ ಕಂಡಿದ್ದೇವೆ. 20 ಡಿಗ್ರಿಗೆ ತಣಿದ ಕೋಣೆಯಲ್ಲಿ ಆರಿಸಿಟ್ಟ ಕಂಪ್ಯೂಟರ್‌ನ ಲೋಹವೂ ಅಷ್ಟೇ ತಣ್ಣಗಿರುತ್ತದೆ, ಬೆಳಿಗ್ಗೆ ಕಿಟಕಿ ತೆರೆದಾಗ ಒಳಬರುವ ಒದ್ದೆ ಗಾಳಿ ಅದರ ಮೇಲೆ ಹನಿಗಟ್ಟುತ್ತದೆ. ಕಿಟಕಿ ತೆರೆದ ಮೇಲೆ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಯಂತ್ರ ಹಚ್ಚಿ. ಎಸಿಯ ಗಾಳಿ ನೇರವಾಗಿ ಕೇಸ್ ಮೇಲೆ ಬೀಳುವಂತೆ ಇಡಬೇಡಿ. ಓಡುತ್ತಿರುವ ಯಂತ್ರದ ಒಳಗು ಬೆಚ್ಚಗಿರುವುದರಿಂದ ಅದಕ್ಕೆ ಈ ಭಯವಿಲ್ಲ.

ತಾಪ ಏರದೆಯೇ ಆರಿಹೋದರೆ

ಎಚ್‌ಡಬ್ಲ್ಯೂಇನ್ಫೋ ಅಂಕಿಗಳನ್ನು ಕಡತಕ್ಕೆ ಬರೆಯುವ ಸೌಲಭ್ಯವನ್ನು ಕೊಡುತ್ತದೆ. ಅದನ್ನು ಚಾಲೂ ಮಾಡಿ ಆಡಿ. ಯಂತ್ರ ಆರಿದ ಕ್ಷಣದಲ್ಲಿ ಸಿಪಿಯು 75, ಜಿಪಿಯು 70 ಎಂದಿದ್ದರೆ ಕೂಲರ್ ಕಾರಣವಲ್ಲ, ಅನುಮಾನ ಎಸ್‌ಎಂಪಿಎಸ್ (ಯಂತ್ರದೊಳಗಿನ ವಿದ್ಯುತ್ ಪೂರೈಕೆ ಘಟಕ), ಯುಪಿಎಸ್ ಅಥವಾ ಮನೆಯ ವೋಲ್ಟೇಜ್ ಮೇಲೆ ಹೋಗಬೇಕು. ಚಿಕ್ಕ 600 ವಿಎ ಯುಪಿಎಸ್ ಗೇಮಿಂಗ್ ಯಂತ್ರದ ಭಾರವನ್ನು ತಾಳಲಾರದು. ವಿಂಡೋಸ್ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂದು ಕಂಡರೆ ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅರ್ಥ, ಕಾರಣ ಅದರಲ್ಲಿ ಇರುವುದಿಲ್ಲ. 13 ಮತ್ತು 14ನೇ ತಲೆಮಾರಿನ ಇಂಟೆಲ್ ಐ7, ಐ9 ಇದ್ದು ಆಟಗಳು ಪದೇ ಪದೇ ಕುಸಿಯುತ್ತಿದ್ದರೆ ಬಯೋಸ್ ನವೀಕರಿಸಿ. ಹೆಚ್ಚಿನ ವೋಲ್ಟೇಜ್‌ನಿಂದ ಆ ಸಿಪಿಯುಗಳು ಹಾಳಾಗುತ್ತಿದ್ದುದನ್ನು ತಡೆಯಲು ಇಂಟೆಲ್ 2024ರ ಆಗಸ್ಟ್‌ನಿಂದ ಬಯೋಸ್ ಮೂಲಕ ಹೊಸ ಮೈಕ್ರೋಕೋಡ್ (ಸಿಪಿಯುವಿನ ಒಳ ತಂತ್ರಾಂಶ) ಕೊಟ್ಟಿದೆ. ಅಂಥದ್ದನ್ನು ಯಾವ ಕೂಲರ್ ಕೂಡ ಸರಿಪಡಿಸದು.

ಜಿಪಿಯು ಮಾತ್ರ ಬಿಸಿಯಾಗುತ್ತಿದ್ದರೆ ಸಿಪಿಯು ಕೂಲರ್ ಬದಲಿಸಿ ಏನೂ ಆಗದು. ಅದರ ಸರಾಸರಿ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗದ) ತಾಪಕ್ಕೂ 10-15 ಡಿಗ್ರಿ ಅಂತರ ಸಹಜ. 30ರ ಹತ್ತಿರ ಹೋದರೆ ಕಾರ್ಡ್‌ನೊಳಗಿನ ಪೇಸ್ಟ್ ಹೋಗಿದೆ. ವಾರಂಟಿ ಇದ್ದರೆ ಬಿಚ್ಚಬೇಡಿ.

ಮೊದಲು ವ್ಯಾಟ್ ಇಳಿಸಿ

ಹುಟ್ಟದ ಬಿಸಿಯನ್ನು ಹೊರಹಾಕುವ ಕೆಲಸವೇ ಇಲ್ಲ. ಕೋರ್ ಐ7-14700ಕೆ ಗರಿಷ್ಠ 253 ವ್ಯಾಟ್‌ವರೆಗೆ ಎಳೆಯಬಲ್ಲದು, ಕೆಲವು ಮದರ್‌ಬೋರ್ಡ್‌ಗಳು ಆ ಮಿತಿಯನ್ನೂ ಸಡಿಲ ಬಿಟ್ಟಿರುತ್ತವೆ. ಬಯೋಸ್‌ನಲ್ಲಿ 125ರಿಂದ 150 ವ್ಯಾಟ್‌ಗೆ ಕಟ್ಟಿಹಾಕಿದರೆ ಆಟದಲ್ಲಿ ವ್ಯತ್ಯಾಸ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ರೈಜನ್‌ನಲ್ಲಿ ಇದೇ ರೀತಿ ವ್ಯಾಟ್ ಇಳಿಸುವ ಇಕೋ ಮೋಡ್ ಇದೆ. ಜಿಪಿಯುಗೆ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಮಿತಿಯನ್ನು ಶೇ. 80-85ಕ್ಕೆ ಇಳಿಸಿ, ಎಫ್‌ಪಿಎಸ್ (ಸೆಕೆಂಡಿಗೆ ತಯಾರಾಗುವ ಚೌಕಟ್ಟುಗಳ ಸಂಖ್ಯೆ) ಅನ್ನು ಮಾನಿಟರ್‌ನ ರಿಫ್ರೆಶ್ ದರಕ್ಕೆ ಮಿತಗೊಳಿಸಿ. 60 ಹರ್ಟ್ಸ್ ಮಾನಿಟರ್‌ಗೆ 200 ಚೌಕಟ್ಟು ತಯಾರಿಸುವುದು ಬಿಸಿಗಾಗಿ ಕರೆಂಟು ಸುಡುವುದೇ ಸರಿ.

ಇಷ್ಟಾದ ಮೇಲೆ ಕೂಲರ್

ಸಂಪರ್ಕ ಸರಿಯಿದೆ, ಧೂಳಿಲ್ಲ, ಕೇಸ್ ಉಸಿರಾಡುತ್ತಿದೆ, ವ್ಯಾಟ್ ಹದದಲ್ಲಿದೆ, ಆದರೂ ವ್ಯತ್ಯಾಸ 55 ದಾಟುತ್ತಿದೆ ಎಂದರೆ ಕೂಲರ್ ಚಿಕ್ಕದಾಗಿದೆ. ಈಗ ಕೊಳ್ಳಿ, ಆದರೆ ನೀವು ಬರೆದುಕೊಂಡ ವ್ಯಾಟ್ ನೋಡಿ ಕೊಳ್ಳಿ. ರೈಜನ್ 5 5600, 7600, ಕೋರ್ ಐ5-12400ನಂಥವು ಆಟದಲ್ಲಿ 90 ವ್ಯಾಟ್ ಒಳಗೇ ಇರುತ್ತವೆ. 120 ಮಿಲಿಮೀಟರ್ ಫ್ಯಾನ್‌ನ, ನಾಲ್ಕು ಕೊಳವೆಗಳ ಒಂಟಿ ಗೋಪುರದ ಕೂಲರ್ ಅವಕ್ಕೆ ಧಾರಾಳ. 7800ಎಕ್ಸ್3ಡಿಗೂ, 150 ವ್ಯಾಟ್‌ವರೆಗಿನ ಇಂಟೆಲ್‌ಗೂ ಆರು ಕೊಳವೆಗಳ ಜೋಡಿ ಗೋಪುರ ಸಾಕು. 200 ವ್ಯಾಟ್ ದಾಟುವ ಸಿಪಿಯುವನ್ನು ವಿಡಿಯೊ ಸಂಪಾದನೆಯಂಥ ಕೆಲಸಕ್ಕೆ ಗಂಟೆಗಟ್ಟಲೆ ದುಡಿಸುವವರಿಗೆ ಮಾತ್ರ 360 ಮಿಲಿಮೀಟರ್ ರೇಡಿಯೇಟರ್‌ನ ಲಿಕ್ವಿಡ್ ಕೂಲರ್ ಎಂದು ಹೇಳುತ್ತೇನೆ. 120 ಮಿಲಿಮೀಟರ್‌ನ ಲಿಕ್ವಿಡ್ ಕೂಲರ್‌ಗೆ ಕೊಡುವ ಹಣದಲ್ಲಿ ಅದಕ್ಕಿಂತ ಉತ್ತಮ ಗಾಳಿಯ ಕೂಲರ್ ಬರುತ್ತದೆ, ಆ ಲಿಕ್ವಿಡ್ ಕೂಲರನ್ನು ಯಾರಿಗೂ ಶಿಫಾರಸು ಮಾಡಲಾರೆ.

ಎರಡೂ ಆಗಬಹುದು ಎನ್ನುವಲ್ಲಿ ಕರಾವಳಿಯ ಮನೆಗೆ ನಾನು ಗಾಳಿಯ ಕೂಲರನ್ನೇ ಆರಿಸುತ್ತೇನೆ. ಅದರಲ್ಲಿ ಕೆಡುವ ಭಾಗ ಫ್ಯಾನ್ ಒಂದೇ, ಅದು ಊರಿನ ಅಂಗಡಿಯಲ್ಲೇ ಸಿಗುತ್ತದೆ. ಲಿಕ್ವಿಡ್ ಕೂಲರ್‌ನಲ್ಲಿ ಪಂಪ್ ಕೆಟ್ಟರೆ ಇಡೀ ಘಟಕವನ್ನು ಕಂಪನಿಗೆ ಕಳಿಸಬೇಕು, ಬದಲಿ ಬರುವವರೆಗೆ ಯಂತ್ರ ಸುಮ್ಮನೆ ಕೂರಬೇಕು. ಕೊಳ್ಳಲೇಬೇಕಾದರೆ ವಾರಂಟಿಯ ವರ್ಷಗಳನ್ನೂ, ಸೋರಿಕೆಯಿಂದ ಬೇರೆ ಭಾಗಗಳಿಗೆ ಆಗುವ ಹಾನಿ ಅದರಲ್ಲಿ ಸೇರಿದೆಯೇ ಎನ್ನುವುದನ್ನೂ ಓದಿ, ಬಿಲ್ ಜೋಪಾನವಾಗಿಡಿ.

ಕೊಳ್ಳುವ ಮುನ್ನ ಮೂರು ಅಳತೆ. ಕೇಸ್‌ನ ವಿವರದಲ್ಲಿ ಸಿಪಿಯು ಕೂಲರ್‌ನ ಗರಿಷ್ಠ ಎತ್ತರ ಎಷ್ಟೆಂದು ಇರುತ್ತದೆ. ಡೀಪ್‌ಕೂಲ್ ಎಕೆ400 155 ಮಿಲಿಮೀಟರ್, ಎಕೆ620 160, ನಾಕ್ಟುವಾ ಎನ್‌ಎಚ್-ಡಿ15 165. ಐದು ಮಿಲಿಮೀಟರ್ ಹೆಚ್ಚಾದರೂ ಗಾಜು ಮುಚ್ಚುವುದಿಲ್ಲ. ಎತ್ತರದ ಶೃಂಗಾರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನ್ ಅದಕ್ಕೆ ತಾಗುತ್ತದೆಯೇ ಅಳೆಯಿರಿ. ಪೆಟ್ಟಿಗೆಯೊಳಗೆ ನಿಮ್ಮ ಸಾಕೆಟ್‌ನ ಬ್ರಾಕೆಟ್ ಇದೆಯೇ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ, ಹಳೆಯ ದಾಸ್ತಾನಿನಲ್ಲಿ ಇಂಟೆಲ್‌ನ ಎಲ್‌ಜಿಎ1700 ಅಥವಾ ಎಎಂಡಿಯ ಎಎಂ5ನದ್ದು ಇಲ್ಲದಿರಬಹುದು.

ಕೂರಿಸಿದ ಮೇಲೆ ಅದೇ ಕೋಣೆ, ಅದೇ ಹೊತ್ತು, ಅದೇ ಆಟ, ಅರ್ಧ ಗಂಟೆ. ಕೋಣೆಯ ತಾಪ ಕಳೆದು ಹಿಂದಿನ ಅಂಕಿಯ ಪಕ್ಕದಲ್ಲಿ ಬರೆಯಿರಿ. ವ್ಯತ್ಯಾಸ ಹತ್ತು ಡಿಗ್ರಿಯಾದರೂ ಇಳಿದಿರಬೇಕು. ಇಳಿದಿಲ್ಲವೆಂದರೆ ಕೂಲರನ್ನು ಮತ್ತೆ ಬಿಚ್ಚಿ ಪೇಸ್ಟ್ ಹೇಗೆ ಹರಡಿದೆ ನೋಡಿ. ಒಂದು ಮೂಲೆಯಲ್ಲಿ ದಪ್ಪಗೆ ಉಳಿದಿದ್ದರೆ ಬಿಗಿತ ಓರೆಯಾಗಿದೆ, ಸ್ಕ್ರೂಗಳನ್ನು ಸಡಿಲಿಸಿ ಮೊದಲಿನಿಂದ ಕೂರಿಸಿ. ಎಲ್ಲೆಡೆ ತೆಳ್ಳಗೆ ಸಮವಾಗಿದ್ದೂ ತಾಪ ಒಂದೆರಡು ಸೆಕೆಂಡಿನಲ್ಲೇ ಹಾರುತ್ತಿದ್ದರೆ ಸಿಪಿಯುವನ್ನೇ ವಾರಂಟಿಗೆ ಒಯ್ಯಬೇಕು. ಜೊತೆಗೆ ಈ ಅಂಕಿಗಳ ಹಾಳೆಯನ್ನು ಮೇಜಿನ ಮೇಲಿಡಿ, ಎಲ್ಲಿಂದ ಹುಡುಕಬೇಕೆಂದು ಸೇವಾ ಕೇಂದ್ರದವರಿಗೆ ಆಗಲೇ ತಿಳಿಯುತ್ತದೆ.